ನಾಲ್ಕನೇ ಡಿಸ್ಕ್

ಆಸ್ಪತ್ರೆಯ ನೆಲಮಾಳಿಗೆಯ ಆ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಬಿಗಿದ ಟಿವಿ, ಅದರ ಕೆಳಗೆ ಒಂದು ಹಳೆಯ ಡಿವಿಡಿ ಪ್ಲೇಯರ್ ಇದ್ದವು. ಕಿಟಕಿ ಇರಲಿಲ್ಲ. ಗೋಡೆಗಳು ಎಷ್ಟು ದಪ್ಪವೆಂದರೆ ಮೊಬೈಲಿಗೆ ಸಿಗ್ನಲ್ ಬರುತ್ತಿರಲಿಲ್ಲ. ಬಾಗಿಲಿನೊಳಗೆ ಸೀಸದ ಹಾಳೆ ಇತ್ತು. ಅದನ್ನು ಎಳೆಯಲು ನರ್ಸ್ ಎರಡೂ ಕೈ ಹಾಕಬೇಕಾಗಿತ್ತು. ಮೂರು ತಿಂಗಳ ಹಿಂದೆ ಅಕ್ಕ ಒಮ್ಮೆ ಆ ಕೋಣೆಯೊಳಗೆ ಹೋಗಿ, ಮಂಚದ ಮೇಲೆ ಕೂತು, ಬಾಗಿಲನ್ನು ನೋಡಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದುಬಿಟ್ಟಿದ್ದಳು.

ಅವಳ ಕುತ್ತಿಗೆಯಿಂದ ಥೈರಾಯ್ಡ್ ಗ್ರಂಥಿಯನ್ನು ತೆಗೆದಿದ್ದರು. ಕತ್ತರಿಗೆ ಸಿಗದೆ ಉಳಿದ ಚೂರುಪಾರನ್ನು ಸುಡುವುದಕ್ಕೆ ಒಂದು ಕ್ಯಾಪ್ಸೂಲ್ ನುಂಗಬೇಕು. ನುಂಗಿದ ಮೇಲೆ ಮೈಯಿಂದ ವಿಕಿರಣ ಹೊರಡುವುದರಿಂದ ನಾಲ್ಕು ದಿನ ಒಬ್ಬಳೇ ಆ ಕೋಣೆಯಲ್ಲಿರಬೇಕು. ಕ್ಯಾಪ್ಸೂಲ್ ರೋಗಿಯ ಹೆಸರಿನಲ್ಲಿ, ಗೊತ್ತಾದ ದಿನಕ್ಕೆ ಬರುತ್ತದೆ. ಇಟ್ಟುಕೊಂಡರೆ ಅದರ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತದೆ. ಇನ್ನೊಂದು ಸಲ ಮುಂದೂಡುವುದು ಬೇಡ ಎಂದು ಡಾಕ್ಟರು ತುಂಬ ಮೆತ್ತಗೆ ಹೇಳಿದ್ದರು. ಅವರು ಅಷ್ಟು ಮೆತ್ತಗೆ ಹೇಳಿದ್ದೇ ನನ್ನನ್ನು ಹೆದರಿಸಿತ್ತು.

ಅಕ್ಕ ಒಂದು ಷರತ್ತಿನ ಮೇಲೆ ಒಪ್ಪಿದಳು. "ನಾಲ್ಕು ದಿನಕ್ಕೆ ಸಾಕಾಗೋ ಅಂಥ ಒಂದು ಆಕಾಶದ ಸೀರಿಯಲ್ ಹುಡುಕಿಕೊಡು. ಎಲ್ಲಾ ನೋಡಿ, ಚೀಟಿ ಅಂಟಿಸಿ ಕೊಡು. ಹೋಗ್ತೀನಿ."

ಆಕಾಶದ ಸೀರಿಯಲ್ ಎಂದರೆ ಅಂತರಿಕ್ಷ ನೌಕೆ, ಬೇರೆ ಗ್ರಹ, ರೋಬೋಟು ಇರುವಂಥದ್ದು. ಅಕ್ಕ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಕಾವಲುಗಾರರಿಗೆ, ಚಾಲಕರಿಗೆ, ಹೋಟೆಲಿನವರಿಗೆ ಅಂಗಿ ಕತ್ತರಿಸಿ ಕತ್ತರಿಸಿ ಅವಳಿಗೆ ಕಥೆಗಿಂತ ಮುಂಚೆ ಬಟ್ಟೆ ಕಾಣುತ್ತಿತ್ತು. ಮುನ್ನೂರು ವರ್ಷ ಕಳೆದರೂ ಇವರಿಗೆ ಒಂದು ಜೇಬು ಇಡುವ ಬುದ್ಧಿ ಬರಲಿಲ್ಲವಲ್ಲ ಎಂದು ನೌಕೆಯ ಕ್ಯಾಪ್ಟನ್‌ಗಳನ್ನು ಬೈಯುವುದೇ ಅವಳ ಸುಖ.

ಚೀಟಿಯ ಪದ್ಧತಿ ನಮ್ಮಿಬ್ಬರದೇ. ನನಗೆ ಒಂಬತ್ತು, ಅವಳಿಗೆ ಹದಿನೈದು ವರ್ಷವಿದ್ದಾಗ ಒಂದು ಸೀರಿಯಲ್ಲಿನಲ್ಲಿ ರೋಬೋಟೊಂದನ್ನು ಬಿಚ್ಚಿ ಹಾಕಿದರು. ಅಕ್ಕ ಎರಡು ದಿನ ಊಟ ಬಿಟ್ಟಳು. ಅಂದಿನಿಂದ ನಾನು ಮೊದಲು ನೋಡುವುದು, ಆಮೇಲೆ ಅವಳು. ಕಂತಿನ ಸಂಖ್ಯೆ, ನಿಮಿಷ, 'ಎದ್ದು ಹೋಗು' ಎಂದು ಒಂದು ಸಾಲು, 'ಬಾ' ಎಂದು ಇನ್ನೊಂದು ಸಾಲು ಬರೆದು ಡಿಸ್ಕಿನ ಕವರಿಗೆ ಅಂಟಿಸುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸುತ್ತೀಯಲ್ಲೇ, ಹಿರಿಯಳು ಯಾರು ಕಿರಿಯಳು ಯಾರು ಎಂದು ಅಮ್ಮ ನಗುತ್ತಿದ್ದಳು. ಅಮ್ಮ ಹೋದ ಮೇಲೂ ಅದು ನಿಲ್ಲಲಿಲ್ಲ. ಅಕ್ಕ ಒಂದು ಸಲವೂ ಚೀಟಿಯನ್ನು ಮೀರಿದವಳಲ್ಲ. ನಾನೂ ಒಂದು ಸಲವೂ ಅರ್ಧ ನೋಡಿ ಕೊಟ್ಟವಳಲ್ಲ.

ಗ್ರಂಥಾಲಯದಿಂದ ಡಿಸ್ಕ್ ತರುವ ಹಾಗಿರಲಿಲ್ಲ. ಆ ಕೋಣೆಯೊಳಗೆ ಹೋದದ್ದು ತಿಂಗಳುಗಟ್ಟಲೆ ಅಲ್ಲೇ ಉಳಿಯಬೇಕು, ವಿಕಿರಣ ಅಳೆಯುವ ಮೀಟರ್ ಹಿಡಿದು ನೋಡಿದ ಮೇಲೆಯೇ ಹೊರಗೆ. ಗುರುವಾರ ಸಂಜೆ ನಾನು ಕೆಲಸ ಮಾಡುವ ಕಾಲೇಜಿನ ಕಚೇರಿಯಲ್ಲಿ ಫೈಲುಗಳನ್ನು ಕಪಾಟಿಗೆ ಸೇರಿಸಿ, ಹಳೆಯ ಡಿವಿಡಿ ಮಾರುವ ಅಂಗಡಿಗೆ ಹೋದೆ. ಎರಡು ಅಂಗಡಿಗಳ ನಡುವೆ ಸಿಕ್ಕಿಹಾಕಿಕೊಂಡಂಥ ಜಾಗ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ ಅಂಗಡಿಯವರು ಎಲ್ಲವನ್ನೂ ನೋಡಿದ್ದರು, ಎಲ್ಲವನ್ನೂ ನೆಂಟರ ಮನೆಯ ಸುದ್ದಿಯಂತೆ ಹೇಳುತ್ತಿದ್ದರು. ನಾನು ನನ್ನ ಪಟ್ಟಿ ಒಪ್ಪಿಸಿದೆ. ನಾಲ್ಕು ದಿನದಲ್ಲಿ ಮುಗಿಯಬೇಕು, ಕಥೆಗೆ ಕೊನೆ ಇರಬೇಕು, ಕಾಯಿಲೆ ಇರಬಾರದು, ಯಾರನ್ನೂ ಕೋಣೆಯಲ್ಲಿ ಕೂಡಿಹಾಕಬಾರದು.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಹಾಗಾದ್ರೆ ಅಡುಗೆ ಕಾರ್ಯಕ್ರಮ ತಗೊಂಡು ಹೋಗಿ ಮೇಡಂ. ಆಕಾಶಕ್ಕೆ ಹೋದವರನ್ನ ಕೂಡಿಹಾಕದೆ ಇನ್ನೇನು ಮಾಡ್ತಾರೆ, ಬಾಗಿಲು ತೆಗೆದ್ರೆ ಎಲ್ಲಾ ಸತ್ತೋಗ್ತಾರೆ."

ಆದರೂ ಮೂರು ಪೆಟ್ಟಿಗೆ ಮುಂದಿಟ್ಟರು. ಮೊದಲನೆಯದು ಎರಡು ಗ್ರಹಗಳ ಯುದ್ಧ; ತೊಂಬತ್ತು ಕಂತು, ಮೂರು ಕಂತಿಗೊಬ್ಬರು ಸಾಯುತ್ತಾರೆ. ಎರಡನೆಯದು ಚಂದ್ರನ ಮೇಲಿನ ಒಂದು ಮನೆ, ಮನೆಗೆಲಸದ ರೋಬೋಟು, ಒಳ್ಳೆಯ ಹಾಸ್ಯ; ಆದರೆ ಹಣ ಸಾಲದೆ ನಡುವೆಯೇ ನಿಲ್ಲಿಸಿಬಿಟ್ಟಿದ್ದರು. ಕೊನೆಯಿಲ್ಲದ್ದನ್ನು ಹಿಡಿದು ಅಕ್ಕ ನಾಲ್ಕು ಗೋಡೆಗಳ ನಡುವೆ ಕೂರುವುದನ್ನು ನೆನೆದು ಅದನ್ನು ಪಕ್ಕಕ್ಕೆ ಸರಿಸಿದೆ. ಮೂರನೆಯದು ಸರಕು ಸಾಗಿಸುವ ಒಂದು ಹಳೆಯ ನೌಕೆಯ ಕಥೆ. ಬಸ್ಸಿನ ಹಾಗೆ ಗ್ರಹದಿಂದ ಗ್ರಹಕ್ಕೆ ಹೋಗುತ್ತದೆ, ದಾರಿಯಲ್ಲಿ ಯಾರಾದರೂ ಹತ್ತುತ್ತಾರೆ, ಯಾರಾದರೂ ಇಳಿಯುತ್ತಾರೆ. ಇಪ್ಪತ್ನಾಲ್ಕು ಕಂತು, ಆರು ಡಿಸ್ಕ್. ಕೈಯಲ್ಲಿ ಹಿಡಿದು, ಇಟ್ಟು, ಮತ್ತೆ ಹಿಡಿದೆ. ಅಂಗಡಿಯವರು ದೀಪ ಆರಿಸಲು ಶುರು ಮಾಡಿದ ಮೇಲೆ ಅದನ್ನೇ ಕೊಂಡೆ.

ಶುಕ್ರವಾರ ರಜೆ ಹಾಕಿದೆ. ಬಾಗಿಲು ಮುಚ್ಚಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ, ದುಪ್ಪಟ್ಟು ವೇಗದಲ್ಲಿ ಓಡಿಸಿ ನೋಡಿದೆ. ಪಕ್ಕದ ಕೋಣೆಯಲ್ಲಿ ಅಕ್ಕ ಎರಡು ಕಂಬಳಿ ಹೊದ್ದು ಕೂತಿದ್ದಳು. ಕ್ಯಾಪ್ಸೂಲ್ ಕೆಲಸ ಮಾಡಬೇಕಾದರೆ ತೆಗೆದ ಗ್ರಂಥಿಯ ಬದಲಿಗೆ ದಿನಾ ನುಂಗುವ ಮಾತ್ರೆಯನ್ನು ಅವಳು ನಾಲ್ಕು ವಾರ ಮೊದಲೇ ನಿಲ್ಲಿಸಬೇಕು. ಅದರಿಂದ ಅವಳಿಗೆ ಯಾವಾಗಲೂ ಚಳಿ, ಮಾತು ನಿಧಾನ, ಇಟ್ಟದ್ದು ಇಟ್ಟಲ್ಲೇ ಮರೆತುಹೋಗುತ್ತಿತ್ತು. ಆಗಾಗ ಬಾಗಿಲು ತಟ್ಟಿ ಚೆನ್ನಾಗಿದೆಯಾ ಎಂದು ಕೇಳುತ್ತಿದ್ದಳು. ಚೆನ್ನಾಗಿದೆ ಎನ್ನುತ್ತಿದ್ದೆ. ನಿಜವಾಗಿಯೂ ಚೆನ್ನಾಗಿತ್ತು. ಹದಿಮೂರು ಕಂತಿನಲ್ಲಿ ಮೂರೇ ಚೀಟಿ ಬೇಕಾಗಿದ್ದವು.

ಹದಿನಾಲ್ಕನೆಯದು ನಾಲ್ಕನೇ ಡಿಸ್ಕಿನಲ್ಲಿತ್ತು. ಒಬ್ಬ ಹೆಂಗಸು ನೌಕೆ ಹತ್ತುತ್ತಾಳೆ. ಅವಳಿಗೆ ಏನೋ ಸೋಂಕಿದೆ ಎಂದು ತಿಳಿದು ಗಾಜಿನ ಕೋಣೆಯೊಂದರಲ್ಲಿ ಇಡುತ್ತಾರೆ. ಮೈತುಂಬ ಮುಚ್ಚುವ ಬಿಳಿ ಉಡುಪಿನವರು ಊಟ ತಂದು ಬಾಗಿಲ ಬಳಿ ಇಟ್ಟು ಹಿಂದೆ ಸರಿಯುತ್ತಾರೆ. ಅವಳು ಗಾಜಿಗೆ ಅಂಗೈ ಒತ್ತಿ ನಿಲ್ಲುತ್ತಾಳೆ. ಹತ್ತನೇ ನಿಮಿಷಕ್ಕೆ ನನ್ನ ಬೆರಳು ತಾನಾಗಿಯೇ ಗುಂಡಿ ಒತ್ತಿತು. ಡಿಸ್ಕ್ ಹೊರಗೆ ತೆಗೆದೆ. ಇದಕ್ಕೆ ಚೀಟಿ ಬರೆಯುವುದು ಹೇಗೆ? ಮೊದಲನೇ ನಿಮಿಷ ಎದ್ದು ಹೋಗು, ಯಾವಾಗ ಬಾ?

ಐದು, ಆರನೇ ಡಿಸ್ಕುಗಳನ್ನು ನೋಡಿ ಮುಗಿಸಿದೆ. ಅವುಗಳಲ್ಲಿ ಆ ಹೆಂಗಸು ಇರಲಿಲ್ಲ, ಅವಳ ಸುದ್ದಿಯೂ ಇರಲಿಲ್ಲ. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಆ ನೌಕೆಯಲ್ಲಿ ಹತ್ತಿದವರೆಲ್ಲ ಇಳಿಯುವವರೇ. ಇಳಿದು ಹೋದಳೋ, ಇಲ್ಲವೋ. ನಾಲ್ಕನೆಯದನ್ನು ಮತ್ತೆ ಹಾಕಿ ನೋಡುವ ಧೈರ್ಯ ಬರಲಿಲ್ಲ. ಅಕ್ಕನಿಗೆ ಈಗೀಗ ಮರೆವು, ಒಂದು ಡಿಸ್ಕ್ ಕಡಿಮೆಯಾದರೆ ತಿಳಿಯಲಿಕ್ಕಿಲ್ಲ ಎಂದುಕೊಂಡೆ. ಡಿಸ್ಕನ್ನು ನನ್ನ ಕೈಚೀಲದಲ್ಲಿ ಹಾಕಿಕೊಂಡೆ. ಮನೆಯಲ್ಲಿ ಬಿಟ್ಟರೆ ಸುಳ್ಳು ಹೇಳಿದಂತೆ, ಚೀಲದಲ್ಲಿದ್ದರೆ ಇನ್ನೂ ಹೇಳಿಲ್ಲ ಅಷ್ಟೇ ಎಂಬ ಒಂದು ಲೆಕ್ಕಾಚಾರ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕ ಕೋಣೆಯೊಳಗೆ ಹೋದಳು. ಚಪ್ಪಲಿ ಬಿಟ್ಟು ಮಂಚದ ಕೆಳಗೆ ಜೋಡಿಸಿದಳು. ಹನ್ನೊಂದೂವರೆಗೆ ಕ್ಯಾಪ್ಸೂಲ್. ಅದುವರೆಗೆ ನಾನೂ ಒಳಗಿರಬಹುದಿತ್ತು. ನರ್ಸ್ ನಿಯಮಗಳನ್ನು ಹೇಳಿದಳು: ತುಂಬ ನೀರು ಕುಡಿಯಬೇಕು, ದಿನಾ ಸ್ನಾನ, ಏನು ಬೇಕಾದರೂ ಗೋಡೆಯ ಫೋನಿನಲ್ಲಿ ಕೇಳಬೇಕು, ಮೂಲೆಯ ಕ್ಯಾಮೆರಾದಲ್ಲಿ ತಾನು ನೋಡುತ್ತಿರುತ್ತೇನೆ. ಅಕ್ಕ ತಲೆಯಾಡಿಸುತ್ತಲೇ ಚೀಲದಿಂದ ಡಿಸ್ಕುಗಳನ್ನು ತೆಗೆದು ಮಂಚದ ಮೇಲೆ ಸಾಲಾಗಿ ಇಟ್ಟಳು. ಇಪ್ಪತ್ತೆರಡು ವರ್ಷ ಕಟ್ಟು ಎಣಿಸದೆ ಒಂದು ಬಟ್ಟೆಗೂ ಕತ್ತರಿ ಹಾಕದವಳು ಅವಳು ಎಂಬುದನ್ನು ನಾನು ಮರೆತಿದ್ದೆ. ಮರೆವು ಅವಳಿಗೆ ಬಂದಿತ್ತು, ಅವಳ ಕೈಗೆ ಬಂದಿರಲಿಲ್ಲ.

"ನಾಲ್ಕನೇದು ಎಲ್ಲಿ?"

ಕೇಳುತ್ತಲೇ ಅವಳು ಮಂಚದ ಕೆಳಗೆ ಕಾಲಿನಿಂದ ಚಪ್ಪಲಿ ತಡಕಾಡಿದಳು.

"ಅದು ಸರಿಯಿರಲಿಲ್ಲ, ಗೀರು ಬಿದ್ದಿತ್ತು."

"ಗೀರು ಬಿದ್ದಿದ್ರೆ ನಿನ್ನೆನೇ ಹೇಳ್ತಿದ್ದೆ." ಆಪರೇಷನ್ ಆದಾಗಿನಿಂದ ಅವಳ ಧ್ವನಿ ಗೊಗ್ಗರಾಗಿತ್ತು, ಜೋರು ಮಾಡಲು ಆಗುತ್ತಿರಲಿಲ್ಲ. "ಏನಿದೆ ಅದರಲ್ಲಿ?"

ಹೇಳಿದೆ. ಗಾಜಿನ ಕೋಣೆ, ಹೆಂಗಸು, ಬಿಳಿ ಉಡುಪು.

"ಸಾಯ್ತಾಳೆ ಅವಳು. ಅದಕ್ಕೇ ಬಚ್ಚಿಟ್ಟಿದ್ದೀಯ."

"ಇಲ್ಲ."

"ಡಾಕ್ಟ್ರು ನಿನ್ನ ಹತ್ರ ಏನೋ ಹೇಳಿದಾರೆ. ನನಗೆ ಹೇಳದೇ ಇರೋದು."

"ಏನೂ ಹೇಳಿಲ್ಲ ಅಕ್ಕಾ. ಅವಳು ಸಾಯ್ತಾಳೋ ಇಲ್ವೋ ನನಗೆ ಗೊತ್ತಿಲ್ಲ. ನಾನು ಪೂರ್ತಿ ನೋಡಲಿಲ್ಲ."

ಅವಳ ಕಾಲು ನಿಂತಿತು. ಒಂದು ಕಾಲಿಗೆ ಚಪ್ಪಲಿ ಇತ್ತು. ನರ್ಸ್ ಬಾಗಿಲಲ್ಲಿ ನಮ್ಮಿಬ್ಬರನ್ನೂ ನೋಡುತ್ತಾ, ಇದು ಕಾಯಿಲೆಯ ಮಾತೋ ಟಿವಿಯ ಮಾತೋ ತಿಳಿಯದೆ ನಿಂತಿದ್ದಳು.

"ನೀನು ನೋಡಲಿಲ್ವಾ?" ಎಂದಳು ಅಕ್ಕ. "ಯಾಕೆ?"

"ಭಯ ಆಯ್ತು."

ಇಷ್ಟು ವರ್ಷ ತನಗಿಂತ ಮುಂದೆ ಹೋಗಿ ನೋಡಿ ಬರುತ್ತಿದ್ದವಳು ಅರ್ಧ ದಾರಿಯಿಂದಲೇ ತಿರುಗಿದ್ದಾಳೆ ಎಂಬುದನ್ನು ಅವಳು ನನ್ನ ಮುಖದಲ್ಲಿ ಓದುತ್ತಿದ್ದಳು. ಅವಳು ಈಗ ಎದ್ದು ಹೋದರೆ ನಾನೇ ಕಾರಣ. ಕೈಚೀಲದಿಂದ ಡಿಸ್ಕನ್ನು ಹೊರಗೆ ತೆಗೆದು ಅವಳ ಮುಂದೆ ಹಿಡಿದೆ. ಇದು ಇಲ್ಲೇ ಇತ್ತಾ ಎಂದು ಕೂಡ ಅವಳು ಕೇಳಲಿಲ್ಲ.

"ಹಾಕು. ನೀನೂ ಕೂತ್ಕೋ."

ಕ್ಯಾಪ್ಸೂಲಿನವರು ಗಾಲಿಯ ಮೇಜನ್ನು ತಳ್ಳಿಕೊಂಡು ಬಂದಾಗ ಆ ಹದಿನಾಲ್ಕನೇ ಕಂತು ಅರ್ಧವಾಗಿತ್ತು. ಮೇಜಿನ ಮೇಲೆ ಸೀಸದ ಒಂದು ಪುಟ್ಟ ಕುಡಿಕೆ, ಗಟ್ಟಿ ಮುಚ್ಚಳ. ತಂದವರು ಉದ್ದನೆಯ, ಬಡಕಲು ಮನುಷ್ಯ. ನರ್ಸ್ ಅವರ ಕಿವಿಯಲ್ಲಿ ಏನೋ ಹೇಳಿದಳು. ಹನ್ನೆರಡರವರೆಗೆ ಕಾಯಬಹುದು, ಆಮೇಲೆ ಬೇರೆ ಕಡೆ ಹೋಗಬೇಕು ಎಂದು ಗಡಿಯಾರ ನೋಡಿ, ಬಾಗಿಲ ಚೌಕಟ್ಟಿಗೆ ಒರಗಿ ಅವರೂ ಟಿವಿ ನೋಡತೊಡಗಿದರು.

ಬಿಳಿ ಉಡುಪಿನ ಇಬ್ಬರು ಗಾಜಿನ ಬಾಗಿಲಿಗೆ ಬಂದರು. ಅಕ್ಕ ಮುಂದಕ್ಕೆ ಬಗ್ಗಿದಳು.

"ಹೆಗಲಿನ ಹೊಲಿಗೆ ನೋಡು. ಅದರೊಳಗೆ ಗಾಳಿಯೇನು, ಬಸ್ಸೇ ನುಗ್ಗುತ್ತೆ."

"ಆ ಕ್ಯಾಪ್ಟನ್ ಹೊರಗೇ ಕೂತಿದಾನಲ್ಲ, ಅವನು ಯಾರು ಅವಳಿಗೆ?" ಎಂದು ಬಡಕಲು ಮನುಷ್ಯ ಕೇಳಿದರು.

"ಸುಮ್ನಿರಿ ಸರ್," ಎಂದಳು ಅಕ್ಕ. "ಯಾರಿಗೂ ಗೊತ್ತಿಲ್ಲ."

ಕಂತಿನ ಕೊನೆಗೆ ಗಾಜಿನ ಕೋಣೆಯ ದೀಪ ಆರಿತು. ಕ್ಯಾಪ್ಟನ್ ಎದ್ದು ನಿಂತ. ಬಾಗಿಲಿನ ಹಿಡಿ ತಿರುಗಿತು. ಒಳಗಿನಿಂದಲೋ ಹೊರಗಿನಿಂದಲೋ ತಿಳಿಯುವ ಮುನ್ನ ಪರದೆ ಕಪ್ಪಾಗಿ, ಮುಂದಿನ ಕಂತಿನಲ್ಲಿ ಎಂದು ಬಂತು. ಹನ್ನೆರಡಕ್ಕೆ ಐದು ನಿಮಿಷವಿತ್ತು. ಇನ್ನೊಂದು ಕಂತಿಗೆ ಸಮಯವಿಲ್ಲ ಎಂದು ಬಡಕಲು ಮನುಷ್ಯ ಕ್ಷಮೆ ಕೇಳುವ ದನಿಯಲ್ಲಿ ಹೇಳಿ ಕೈಗವಸು ಹಾಕಿಕೊಂಡರು.

ನಾನು ರಿಮೋಟ್ ಎತ್ತಿಕೊಂಡೆ. "ಒಂದೇ ನಿಮಿಷ ಅಕ್ಕಾ. ನೀನು ಆ ಕಡೆ ತಿರುಗು. ಕೊನೆಗೆ ಓಡಿಸಿ ನೋಡಿ ಹೇಳಿಬಿಡ್ತೀನಿ."

ಅವಳು ಕೈ ಚಾಚಿ ರಿಮೋಟನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡಳು. ಅವಳ ಕೈ ತಣ್ಣಗಿತ್ತು.

"ಬೇಡ. ನಾನು ನೋಡ್ಕೋತೀನಿ." ಆಮೇಲೆ, "ನೀನು ಹೋಗು ಈಗ. ಒಳಗೆ ಬಂದದ್ದೆಲ್ಲ ಮೂರು ತಿಂಗಳು ಇಲ್ಲೇ ಇರಬೇಕಂತೆ. ನಿನ್ನನ್ನ ಯಾವ ಕಪಾಟಲ್ಲಿ ಇಡಲಿ?"

ನಗಬೇಕೆಂದು ಹೊರಟೆ, ಆಗಲಿಲ್ಲ. ಅವಳನ್ನು ಅಪ್ಪಿಕೊಳ್ಳುವುದು ನಮ್ಮ ರೂಢಿಯಲ್ಲಿಲ್ಲ. ಅವಳ ಕಂಬಳಿಯ ಅಂಚನ್ನು ಸರಿಮಾಡಿ ಹೊರಗೆ ಬಂದೆ. ಬಾಗಿಲ ಸಂದಿಯಲ್ಲಿ ಕಂಡದ್ದು ಇಷ್ಟು: ಕುಡಿಕೆಯ ಮುಚ್ಚಳ ತೆರೆಯಿತು, ಅಕ್ಕ ತಲೆ ಹಿಂದಕ್ಕೆ ಹಾಕಿದಳು, ನೀರಿನ ಲೋಟ ಮೇಲೆದ್ದು ಕೆಳಗಿಳಿಯಿತು. ಕುತ್ತಿಗೆಯ ಗಾಯದ ಗೆರೆ ಒಮ್ಮೆ ಅಲುಗಿತು. ಬಡಕಲು ಮನುಷ್ಯ ಬೇಗ ಬೇಗ ಹೊರಬಂದರು. ನರ್ಸ್ ಎರಡೂ ಕೈಯಿಂದ ಬಾಗಿಲೆಳೆದಳು.

ನನ್ನನ್ನು ಮನೆಗೆ ಹೋಗಿ ಎಂದರು. ಹೋಗಲಾಗಲಿಲ್ಲ. ಕನಿಕರಪಟ್ಟು ನರ್ಸ್ ತನ್ನ ಮೇಜಿನ ಪಕ್ಕದ ಸ್ಟೂಲು ತೋರಿಸಿದಳು. ಅವಳ ಮುಂದಿನ ಪುಟ್ಟ ಪರದೆಯಲ್ಲಿ ಕೋಣೆ ಮೇಲಿನಿಂದ ಕಾಣುತ್ತಿತ್ತು. ಮಂಚ ಕಾಣುತ್ತಿತ್ತು, ಅಕ್ಕನ ಬೆನ್ನು ಕಾಣುತ್ತಿತ್ತು. ಟಿವಿ ಇದ್ದ ಗೋಡೆ ಕ್ಯಾಮೆರಾಕ್ಕೆ ಸಿಗುತ್ತಿರಲಿಲ್ಲ. ಶಬ್ದವೂ ಇರಲಿಲ್ಲ. ಅವಳು ರಿಮೋಟ್ ಒತ್ತಿದ್ದು ಮಾತ್ರ ತಿಳಿಯಿತು.

ಐದು ನಿಮಿಷ. ಹದಿನೈದು. ಅವಳ ಹೆಗಲುಗಳು ಬಿಗಿದು ಕಿವಿಯ ಮಟ್ಟಕ್ಕೆ ಏರಿದ್ದವು. ಎದ್ದು ಹೋಗು ಎನ್ನಲು ನನ್ನ ಬಳಿ ಏನೂ ಇರಲಿಲ್ಲ. ಯಾವ ನಿಮಿಷಕ್ಕೆ ಎಂದೇ ನನಗೆ ಗೊತ್ತಿರಲಿಲ್ಲ. ಮೇಜಿನ ಮೇಲಿನ ಫೋನನ್ನು ನೋಡಿದೆ. ನರ್ಸ್, ಬೇಕಾದರೆ ಮಾತಾಡಿ ಎಂದು ಅದನ್ನು ನನ್ನ ಕಡೆ ಸರಿಸಿದಳು. ಕೈ ಮುಂದೆ ಹೋಯಿತು, ಹಾಗೆಯೇ ನಿಂತಿತು.

ಪರದೆಯ ಮೇಲೆ ಅಕ್ಕ ಎದ್ದಳು. ಅವಳು ಬಾಗಿಲ ಕಡೆ ನೋಡಲಿಲ್ಲ. ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡಳು, ನಿಂತೇ ಕುಡಿದಳು, ಮುಖ ಟಿವಿಯ ಕಡೆಗೇ ಇತ್ತು. ಆಮೇಲೆ ಕುರ್ಚಿಯನ್ನು ಎಳೆದು, ಟಿವಿಗೆ ಮೊದಲಿಗಿಂತ ಹತ್ತಿರಕ್ಕೆ ಹಾಕಿಕೊಂಡು ಕೂತಳು.