ಬೇಜಾರಿಗೆ ಇಂಗ್ಲಿಷಿನಲ್ಲಿ ಏನಂತಾರೆ

ಮೈಸೂರಿನವರಿಗೆ ಬೇಜಾರು ಅನ್ನೋ ಒಂದು ಪದ ಇದ್ದರೆ ಸಾಕು, ಸಂಸಾರ ನಡೆದುಹೋಗುತ್ತದೆ. ಮಧ್ಯಾಹ್ನ ಕರೆಂಟು ಹೋದರೂ ಬೇಜಾರು, ಮಗಳು ಗಂಡನ ಮನೆಗೆ ಹೊರಟರೂ ಬೇಜಾರು, ನೆಂಟರು ಮದುವೆಗೆ ಕರೆಯದಿದ್ದರೂ ಬೇಜಾರು. ಯಾವ ಬೇಜಾರು ಅಂತ ಎದುರಿಗಿದ್ದವರು ಮುಖ ನೋಡಿ ತಿಳಿದುಕೊಳ್ಳಬೇಕು. ಮುಖ ನೋಡದೆ ಬರೆದುಕೊಂಡರೆ ಏನಾಗುತ್ತದೆ ಅನ್ನುವುದು ಕೆಸರೆಯ ಸಿಂಚನಳಿಗೆ ಆ ಶುಕ್ರವಾರ ಗೊತ್ತಾಯಿತು.

ಸಿಂಚನ ಬಿ.ಕಾಂ. ಮುಗಿಸಿ ಊರಿನ ಒಂದು ದೊಡ್ಡ ಹೋಟೆಲಿನಲ್ಲಿ ರೂಮುಗಳನ್ನು ಒಪ್ಪಮಾಡುವ ಕೆಲಸಕ್ಕೆ ಸೇರಿದ್ದಳು. ದಸರೆಯಲ್ಲಿ ರೂಮೆಲ್ಲ ಭರ್ತಿಯಾಗಿ ಉಸಿರಾಡಲೂ ಪುರುಸೊತ್ತಿಲ್ಲದ ದಿನ, ಸೂಪರ್‌ವೈಸರ್ ಗೌತಮ್ ಬೆಡ್‌ಶೀಟು ಜೋಡಿಸಿಡುವ ಕೋಣೆಗೆ ಅವಳ ಹಿಂದೆಯೇ ಬಂದ. ಬಾಗಿಲು ಹಾಕಿದ, ಸೊಂಟಕ್ಕೆ ಕೈ ಹಾಕಿದ. ಅವಳು ಅವನನ್ನು ತಳ್ಳಿ ಹೊರಗೆ ಬಂದಳು, ಮಾರನೆಯ ದಿನವೇ ದೂರು ಕೊಟ್ಟಳು.

ವಿಚಾರಣೆಗೆ ದೆಹಲಿಯ ಹೆಡ್ಡಾಫೀಸಿನಿಂದ ಒಬ್ಬರು ಮ್ಯಾಡಮ್ ಬಂದರು. ಅವರಿಗೆ ಕನ್ನಡ ಬಾರದು. ಸಿಂಚನ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ಹೋಟೆಲಿನ ಆಫೀಸು ನೋಡಿಕೊಳ್ಳುವ ಚಂದ್ರಮೌಳಿಯವರ ಪಾಲಿಗೆ ಬಂತು. ಜಯಲಕ್ಷ್ಮಿಪುರಂನ ಸಂಭಾವಿತ ಮನುಷ್ಯ. ಜನ್ಮದಲ್ಲಿ ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಅಂಥವರ ಕೈಗೆ ಇನ್ನೊಬ್ಬರ ನೋವನ್ನು ಮಾತ್ರ ಕೊಡಬಾರದು, ತೊಳೆದು ಇಸ್ತ್ರಿ ಮಾಡಿ ವಾಪಸು ಕೊಡುತ್ತಾರೆ.

ನಡೆದದ್ದನ್ನೆಲ್ಲ ಸಿಂಚನ ತಡವರಿಸದೆ ಹೇಳಿದ್ದಳು. ಕೊನೆಗೆ, ಆಗ ನಿಂಗೆ ಹೇಗನ್ನಿಸ್ತಮ್ಮ ಅಂತ ಚಂದ್ರಮೌಳಿ ಕೇಳಿದಾಗ ಮಾತ್ರ ಸರಿಯಾದ ಪದ ಸಿಗಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು, ಬಾಯಿಗೆ ಬಂದದ್ದು ಇಷ್ಟೇ: "ತುಂಬಾ ಬೇಜಾರಾಯ್ತು ಸಾರ್."

ಶುಕ್ರವಾರ ಆ ಇಂಗ್ಲಿಷ್ ಹೇಳಿಕೆಗೆ ಅವಳು ಸೈನ್ ಹಾಕಬೇಕಿತ್ತು. ಬೆಳಗ್ಗೆ ಅವಳ ತಲೆ ಬಾಚುತ್ತಾ ತಾಯಿ ಶಿವನಂಜಮ್ಮ ಅಂದಿದ್ದಳು: "ಸೈನ್ ಹಾಕ್ಬುಟ್ಟು ಸುಮ್ನೆ ಬಂದ್ಬುಡವ್ವ. ಎಲ್ಲಾ ಕಡೆನೂ ಇಂಗೇಯ. ಬೇಜಾರ್ ಮಾಡ್ಕಬ್ಯಾಡ."

ಹೋಟೆಲಿನ ಮೀಟಿಂಗ್ ರೂಮಿನಲ್ಲಿ ಚಂದ್ರಮೌಳಿ ಟೈಪು ಮಾಡಿದ ಹಾಳೆಯನ್ನು ಅವಳ ಮುಂದಿಟ್ಟು, ಪೆನ್ನಿನ ಕ್ಯಾಪು ತಾವೇ ತೆಗೆದುಕೊಟ್ಟರು. ಮೇಜಿನ ಆ ತುದಿಯಲ್ಲಿ ಮ್ಯಾಡಮ್ ಫೋನು ನೋಡುತ್ತಿದ್ದರು. ಸಿಂಚನ ಓದಿದಳು. ಸೊಂಟಕ್ಕೆ ಕೈ ಹಾಕಿದ್ದು 'ಮಿಸ್‌ಅಂಡರ್‌ಸ್ಟ್ಯಾಂಡಿಂಗ್' ಆಗಿತ್ತು. ಅವಳು 'ವೆರಿ ಬೋರ್ಡ್' ಆಗಿದ್ದಳು, ಅಂದರೆ ಅವಳಿಗೆ ತುಂಬಾ ಬೋರಾಗಿತ್ತಂತೆ! ಬೋರಾದವಳಿಗೆ ಬದಲಾವಣೆ ಬೇಕಲ್ಲ, ಅದಕ್ಕೆ ಅವಳನ್ನು ನೆಲಮಾಳಿಗೆಯ ಲಾಂಡ್ರಿಗೆ ಹಾಕಬೇಕು ಅಂತ ಕೊನೆಯ ಸಾಲು. ಗೌತಮ್ ಇದ್ದಲ್ಲೇ ಇರುತ್ತಾನೆ. ಅವಳು ಸೈನ್ ಹಾಕಿದರೆ ಎಲ್ಲ ಮುಗಿಯಿತು.

"ಸಾರ್, ನಂಗೆ ಬೋರಾಯ್ತು ಅಂತ ಯಾವಾಗ ಅಂದೆ?"

"ಬೇಜಾರು ಅಂದ್ಯಲ್ಲಮ್ಮ. ಬೇಜಾರು ಅಂದ್ರೆ ಬೋರು ತಾನೆ? ಹೋಗ್ಲಿ, 'ಅಪ್‌ಸೆಟ್' ಅಂತ ಹಾಕ್ತೀನಿ."

"ಅಪ್‌ಸೆಟ್ ಆಗೋದು ಹೊಟ್ಟೆ ಸಾರ್. ಗೆಸ್ಟ್‌ಗಳು ಕೆಳಗೆ ಫೋನ್ ಮಾಡಿ ಮಾತ್ರೆ ತರಿಸ್ಕೋತಾರೆ."

"'ಡಿಸ್ಟರ್ಬ್ಡ್'?"

"ಗೆಸ್ಟ್‌ಗಳು ಬಾಗಿಲಿಗೆ ನೇತಾಕ್ತಾರಲ್ಲ, 'ಡು ನಾಟ್ ಡಿಸ್ಟರ್ಬ್' ಅಂತ ಬೋರ್ಡು. ನಿದ್ದೆಗೆಟ್ರೆ ಡಿಸ್ಟರ್ಬು. ನಂದು ನಿದ್ದೆ ವಿಷ್ಯನಾ ಸಾರ್?"

ಚಂದ್ರಮೌಳಿ ಕನ್ನಡಕ ತೆಗೆದು ಒರೆಸಿದರು. "ಸರಿ, 'ಅನ್‌ಕಂಫರ್ಟಬಲ್'. ಎಲ್ಲ ಕಂಪ್ಲೇಂಟಲ್ಲೂ ಇದನ್ನೇ ಬರೆಯೋದು. ಇದು ತುಂಬಾ ಡೀಸೆಂಟು."

"ದಿಂಬು ಗಟ್ಟಿಯಾಗಿದ್ರೆ ಅನ್‌ಕಂಫರ್ಟಬಲ್ ಅಂತಾರೆ. ನಾನು ಹೋಗಿ ಬೇರೆ ದಿಂಬು ಕೊಟ್ಟು ಬರ್ತೀನಿ." ಸಿಂಚನಳ ದನಿ ಏರುತ್ತಿತ್ತು. ಏರಲಿ ಅಂತ ಬಿಟ್ಟಳು. "ನಂಗೆ ಸಿಟ್ಟು ಬಂದಿತ್ತು ಸಾರ್. ಆ್ಯಂಗ್ರಿ. ಅದನ್ನ ಹಾಕಿ."

"ಬೇಡ ಕಣಮ್ಮ, ನಿನ್ ಒಳ್ಳೇದಕ್ಕೇ ಹೇಳ್ತೀನಿ. ನೊಂದೋಳು ಅಂದ್ರೆ ಎಲ್ಲಾ ಅಯ್ಯೋ ಅಂತಾರೆ. ಸಿಟ್ಟು ಅಂದ್ರೆ, ಹುಡುಗಿ ಜೋರು ಅಂದ್ಬಿಡ್ತಾರೆ."

"ಅಯ್ಯೋ ಅನ್ನಿಸ್ಕೊಳಕ್ಕೆ ನಾನು ಬಂದಿಲ್ಲ. ಎ, ಎನ್, ಜಿ, ಆರ್, ವೈ. ಬರ್ಕೊಳಿ."

ಒಂದೊಂದೇ ಅಕ್ಷರ ಕಿವಿಗೆ ಬಿದ್ದು ಮ್ಯಾಡಮ್ ತಲೆಯೆತ್ತಿದರು. ಏನು ವಿಷಯ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಚಂದ್ರಮೌಳಿ, ಏನೂ ಇಲ್ಲ, ಸಣ್ಣ ಸ್ಪೆಲಿಂಗು ಅಂತ ಹೇಳಹೊರಟರು. ಸಿಂಚನ ಎದ್ದು ನಿಂತಳು. ಭಯ ಇತ್ತು. ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದು ಅನ್ನುವುದೂ ತಲೆಯಲ್ಲಿತ್ತು. ಆದರೆ ಈಗ ಬಾಯಿ ಮುಚ್ಚಿಕೊಂಡರೆ ಜೀವಮಾನವಿಡೀ ತನಗೆ ಬೋರಾಗಿತ್ತು ಅಂತಲೇ ಆಗಿಬಿಡುತ್ತದೆ.

"ನಾಟ್ ಬೋರ್ಡ್, ಮ್ಯಾಡಮ್. ನೋ ಮಿಸ್‌ಅಂಡರ್‌ಸ್ಟ್ಯಾಂಡಿಂಗ್. ಹಿ ಕ್ಲೋಸ್ ದಿ ಡೋರ್. ಹಿ ಕ್ಯಾಚ್ ಮೈ ವೇಸ್ಟ್. ಐ ಆಮ್ ಆ್ಯಂಗ್ರಿ."

ಗ್ರಾಮರು ತಪ್ಪಿತ್ತು. ತಪ್ಪಿದರೆ ತಪ್ಪಲಿ, ಬಾಗಿಲು ಹಾಕಿದವನು ಗ್ರಾಮರು ನೋಡಿ ಹಾಕಿರಲಿಲ್ಲ.

ಮ್ಯಾಡಮ್ ಫೋನನ್ನು ಮಗುಚಿಟ್ಟರು. ಹಾಳೆಯನ್ನು ಎಳೆದುಕೊಂಡು ಓದಿದರು. ಚಂದ್ರಮೌಳಿಯವರ ಮುಖವನ್ನೊಮ್ಮೆ ನೋಡಿ, ಸಿಂಚನಳನ್ನು ಕೇಳಿದರು: "ಸ್ಟಿಲ್ ಆ್ಯಂಗ್ರಿ?"

"ಡೈಲಿ, ಮ್ಯಾಡಮ್."

ಮ್ಯಾಡಮ್ ಹಾಳೆಯನ್ನು ಅಡ್ಡಕ್ಕೆ ಹರಿದರು. ಅವಳು ಹೇಳಿದ ಹಾಗೇ, ಒಂದು ಮಾತೂ ಬಿಡದೆ ಮತ್ತೆ ಬರೆಯಿರಿ ಅಂತ ಚಂದ್ರಮೌಳಿಗೆ ಹೇಳಿದರು. ಗೌತಮನನ್ನು ಏನು ಮಾಡುತ್ತಾರೋ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಆದರೆ ಅವನು ಮಾಡಿದ್ದು ಇನ್ನು ಮೇಲೆ ಹಾಳೆಯಲ್ಲೂ ಅವನು ಮಾಡಿದ್ದೇ ಆಗಿರುತ್ತದೆ.

ಚಂದ್ರಮೌಳಿಯವರ ಮುಖ ಸಣ್ಣದಾಗಿತ್ತು. ಲ್ಯಾಪ್‌ಟಾಪು ತೆರೆದು ಯಾರನ್ನೂ ನೋಡದೆ ಕೂತರು. ಸಿಂಚನ ತನ್ನ ಕುರ್ಚಿಯನ್ನು ಅವರ ಪಕ್ಕಕ್ಕೇ ಎಳೆದುಕೊಂಡಳು.

"ಬೇಜಾರ್ ಮಾಡ್ಕೋಬೇಡಿ ಸಾರ್," ಅಂದಳು. "ಮೊದಲಿಂದ ಬರೀರಿ. ನಾನು ಇಲ್ಲೇ ಕೂತು ಓದ್ತಾ ಇರ್ತೀನಿ."