ಬು ಜಾಸಿಮರ ಮೂರು ಗೇಣು

ಶಾಹುಲ್ ಹಮೀದ್ ಲೋಹದ ಕೆಲಸ ಕಲಿತದ್ದು ವಿಟ್ಲದ ಪದ್ಮಯ್ಯಾಚಾರಿಯ ಕುಲುಮೆಯಲ್ಲಿ. ತೋಟಕ್ಕೆ ನುಗ್ಗುವ ಹಂದಿ ಕಾಯುವ ಕೋವಿಗಳು ಅಲ್ಲಿಗೆ ಬಾಯಿ ಸೀಳಿಕೊಂಡು ಬರುತ್ತಿದ್ದವು. ನಳಿಗೆಯೊಳಗೆ ಮಣ್ಣು ಹೊಕ್ಕಿದ್ದನ್ನು ನೋಡದೆ ಯಾರೋ ಈಡು ಹೊಡೆದಿರುತ್ತಿದ್ದರು. ಆಚಾರಿ ಸೀಳಿದ ತುದಿಯನ್ನು ಕತ್ತರಿಸಿ ಅರ ಹಾಕಿ ಕೊಡುತ್ತಿದ್ದ. ಆದರೆ ಸೀಳಿದಷ್ಟೇ ಕತ್ತರಿಸುವ ಹಾಗಿರಲಿಲ್ಲ. ಉಳಿದ ನಳಿಗೆ ಪೂರ್ತಿ ಗೇಣಿನಲ್ಲಿ ನಿಲ್ಲಬೇಕು, ಆ ಗೇಣೂ ಕೋವಿಯ ಯಜಮಾನನದ್ದೇ ಆಗಬೇಕು. ಅರ್ಧ ಗೇಣಿಗೆ ನಿಂತ ಕೋವಿ ಯಜಮಾನನ ಮಾತು ಕೇಳುವುದಿಲ್ಲ ಎಂದು ಆಚಾರಿ ನಂಬಿದ್ದ. ಹಮೀದ್ ಅದನ್ನು ನಂಬಿದನೋ ಇಲ್ಲವೋ, ಕೈ ಮಾತ್ರ ಹಾಗೆಯೇ ಕಲಿತಿತು.

ಹತ್ತೊಂಬತ್ತು ವರ್ಷ ಕಳೆದು, ತೊಂಬತ್ತಾರರ ಚಳಿಗಾಲದಲ್ಲಿ, ಅವನು ದೋಹಾದ ಕಾರ್ಖಾನೆಗಳ ಬಡಾವಣೆ ಸನಾಯಾದಲ್ಲಿ ಲೇತ್ ಮೆಷಿನಿನ ಮುಂದೆ ನಿಂತಿದ್ದ. ವರ್ಕ್‌ಶಾಪಿನ ಧಣಿ ಜಾಸಿಮ್. ಅವನ ತಂದೆಯನ್ನು ಎಲ್ಲರೂ ಬು ಜಾಸಿಮ್, ಅಂದರೆ ಜಾಸಿಮನ ಅಪ್ಪ, ಎಂದೇ ಕರೆಯುತ್ತಿದ್ದರು. ಆ ಮುದುಕರು ಒಂದು ಬೆಳಿಗ್ಗೆ ಗರಾಫಾದ ಮನೆಯಿಂದ ಟವೆಲಿನಲ್ಲಿ ಸುತ್ತಿದ ಕೋವಿ ತಂದು ಮೇಜಿನ ಮೇಲಿಟ್ಟರು. ಮರಳು ಹೊಕ್ಕು ತುದಿ ಸೀಳಿತ್ತು. ಸೀಳು ಐದು ಬೆರಳಿನಷ್ಟು ಉದ್ದ, ಅಷ್ಟೇ.

"ಬಾಬಾ, ಕೈ ಕೊಡಿ," ಎಂದ ಹಮೀದ್, ತನಗೆ ಬರುವ ಅರಬಿಯಲ್ಲಿ.

ಮುದುಕರು ನಗುತ್ತಾ ಕೈ ಹರಡಿದರು. ಹುಡುಗನಾಗಿದ್ದಾಗ ಮುತ್ತಿನ ದೋಣಿಯಲ್ಲಿ ಹಗ್ಗ ಎಳೆದ ಕೈ ಅದು. ಬೆರಳುಗಳು ಒಳಕ್ಕೆ ಬಾಗಿ ನಿಂತುಬಿಟ್ಟಿದ್ದವು, ಎಷ್ಟು ಹರಡಿದರೂ ಮಗುವಿನ ಗೇಣಿನಷ್ಟೇ. ಹಮೀದ್ ಆ ಗೇಣನ್ನೇ ನಳಿಗೆಯ ಮೇಲಿಟ್ಟು ಅಳೆದ. ಸೀಳಿನವರೆಗೆ ಮೂರು ಗೇಣು ಆಯಿತು, ನಾಲ್ಕನೆಯದಕ್ಕೆ ಸಾಲಲಿಲ್ಲ. ಮೂರಕ್ಕೆ ಗುರುತು ಹಾಕಿ, ಬಿಸ್ಮಿಲ್ಲಾ ಹೇಳಿ ಕತ್ತರಿಸಿದ. ಕೋವಿ ಗಿಡ್ಡವಾಯಿತೆಂದು ಕಣ್ಣಿಗೆ ಕಂಡಿತ್ತು. ಆದರೆ ಊರಿನಲ್ಲಿ ಆಚಾರಿಯ ಕೋವಿಯನ್ನು ಯಾರೂ ಟೇಪು ಹಿಡಿದು ಅಳೆದದ್ದಿಲ್ಲ.

ಇಲ್ಲಿ ಅಳೆದರು. ಮುದುಕರು ಪರವಾನಗಿ ನವೀಕರಿಸಲು ಹೋದಾಗ ಪೊಲೀಸ್ ಕಚೇರಿಯ ಅಧಿಕಾರಿ ಸ್ಟೀಲಿನ ಟೇಪು ಎಳೆದು ನೋಡಿದ. ಕಾನೂನಿನ ಅಳತೆಗಿಂತ ನಳಿಗೆ ಮೂರು ಬೆರಳು ಕಡಿಮೆ. ಕೋವಿ ಅಲ್ಲೇ ಉಳಿಯಿತು. ಯಾರು ಕತ್ತರಿಸಿದರೆಂದು ಹೇಳಿಕೆ ಬರೆದು ತರಬೇಕು, ಕೆಲಸಗಾರರಾಗಿದ್ದರೆ ಅವರ ಪಾಸ್‌ಪೋರ್ಟೂ ಬೇಕು ಎಂದರು.

ಅದು ಶನಿವಾರ. ಹಮೀದನ ಟಿಕೆಟ್ ಇದ್ದದ್ದು ಬುಧವಾರಕ್ಕೆ. ಶುಕ್ರವಾರ ಊರಿನಲ್ಲಿ ಮಗಳು ಝುಲೈಖಾಳ ನಿಕಾಹ್. ಮದುಮಗನ ಕೈ ಹಿಡಿದು ಮಗಳನ್ನು ಕೊಟ್ಟೆನೆಂದು ಹೇಳಬೇಕಾದವನು ಅವನು. ಆ ಮಾತನ್ನು ಅವನು ಲೇತಿನ ಸದ್ದಿನಲ್ಲಿ ಬಾಯಿಪಾಠ ಮಾಡುತ್ತಿದ್ದ.

ಆಫೀಸಿನ ಕಾಗದ ಪತ್ರ ನೋಡುವ ಗೇಬ್ರಿಯಲ್ ಉಡುಪಿ ಕಡೆಯ ಕ್ರೈಸ್ತ; ಊರಿನ ರೂಢಿಯಂತೆ ಅವನಿಗೆ ಹಮೀದ್ ಬ್ಯಾರಿ, ಹಮೀದನಿಗೆ ಅವನು ಪೊರ್ಬು. ಭಾನುವಾರ ಅವನು ಟೈಪು ಮಾಡಿದ ಹಾಳೆ ಹಿಡಿದುಕೊಂಡು ಮೆಷಿನಿನ ಹತ್ತಿರ ಬಂದ.

"ಬ್ಯಾರಿಗಳೇ, ಅದನ್ನು ಆಫ್ ಮಾಡಿ. ನಿಮ್ಮ ಆಚಾರಿ ವಿದ್ಯೆಯಿಂದ ನನಗೆ ನಿನ್ನೆಯಿಂದ ಊಟವಿಲ್ಲ."

"ನಿಮಗೆ ಊಟ ಇಲ್ಲದ ದಿನ ಯಾವುದು ಪೊರ್ಬುಳೇ? ಹೊಟ್ಟೆ ನೋಡಿದರೆ ಹಾಗೆ ಕಾಣುವುದಿಲ್ಲ."

"ತಮಾಷೆ ಸಾಕು. ಕೇಳಿ. ಹಳೆಯ ಪರವಾನಗಿಯಲ್ಲಿ ಕೋವಿಯ ನಂಬರ್ ಮಾತ್ರ ಇದೆ, ಉದ್ದ ಬರೆದಿಲ್ಲ. ಕೋವಿ ಅಜ್ಜನ ಕಾಲದಿಂದಲೇ ಗಿಡ್ಡ ಎಂದರೆ ಕೋವಿ ಮಾತ್ರ ಹೋಗುತ್ತದೆ, ಖಲಾಸ್. ಯಾರ ಮೇಲೂ ಕೇಸಿಲ್ಲ. ಈಗ ಕತ್ತರಿಸಿದ್ದು ಎಂದರೆ ತನಿಖೆ. ಮುಗಿಯುವವರೆಗೆ ನಿಮ್ಮ ಪಾಸ್‌ಪೋರ್ಟ್ ಅವರ ಡ್ರಾಯರಿನಲ್ಲಿ. ಜಾಸಿಮ್ ಹೇಳಿದ್ದಾರೆ, ನೀವು ಬರೀ ಎಣ್ಣೆ ಹಾಕಿ ಒರೆಸಿದ್ದು ಎಂದು. ಇಲ್ಲಿ ಸೈನ್ ಹಾಕಿ."

"ಬಾಬಾ ಏನು ಹೇಳಿದರು?"

"ಮುದುಕರು ಬಾಯಿ ಬಿಟ್ಟಿಲ್ಲ. ಮಗ ಬಿಡಬೇಡಿ ಅಂದಿದ್ದಾನೆ."

ಹಮೀದ್ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡ. ಅರಬಿ ಅವನಿಗೆ ಅರ್ಥವಾಗುತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕುರ್‌ಆನ್ ಓದಲು ಕಲಿತಿದ್ದರಿಂದ ಅಕ್ಷರಗಳು ಗೊತ್ತಿದ್ದವು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ಹೋದ. ಮೊದಲ ಸಾಲಿನಲ್ಲೇ ಅಲ್ಲಾಹನ ಹೆಸರಿತ್ತು.

"ಇದೇನು, ಆಣೆಯಾ?"

"ಎಲ್ಲಾ ಹೇಳಿಕೆಗೂ ಹಾಗೇ ಬರೆಯುವುದು ಮಾರಾಯ್ರೇ. ಫಾರ್ಮು ಅದು. ನಮ್ಮ ಕೋರ್ಟಿನಲ್ಲಿ ಇಲ್ಲವಾ?"

"ಫಾರ್ಮೇ," ಎಂದ ಹಮೀದ್. ಪೆನ್ನು ಕೈಯಲ್ಲಿತ್ತು. ತುಂಬ ಹೊತ್ತು ಆ ಒಂದು ಹೆಸರನ್ನೇ ನೋಡಿದ. ಆಮೇಲೆ ಹಾಳೆಯನ್ನು ಮಡಚದೆ, ಗ್ರೀಸು ತಾಗದ ಹಾಗೆ, ಎತ್ತರದ ಕಪಾಟಿನ ಮೇಲಿಟ್ಟ.

"ಸೈನ್?"

"ನಾಳೆ ಕಚೇರಿಗೆ ನಾನೇ ಬರ್ತೇನೆ. ಬಾಯಿಯಲ್ಲೇ ಹೇಳ್ತೇನೆ."

"ಏನು ಹೇಳ್ತೀರಿ?"

"ಆದದ್ದನ್ನು."

ಗೇಬ್ರಿಯಲ್ ಕಪಾಟಿನ ಮೇಲಿನ ಹಾಳೆಯನ್ನು ನೋಡಿದ. "ಮಗಳ ನಿಕಾಹ್," ಎಂದ ಮೆಲ್ಲಗೆ.

"ಹೌದು," ಎಂದು ಹಮೀದ್ ಮೆಷಿನ್ ಆನ್ ಮಾಡಿದ.

ಆ ಹೊತ್ತು ತನಗೆ ಏನನ್ನಿಸಿತು ಎಂದು ಅವನು ಆಮೇಲೆ ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದುಂಟು. ಏನೂ ಅನ್ನಿಸಿರಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಹಾಕಿದರೆ ಕೆನ್ನೆ ನಮ್ಮದಲ್ಲದ ಹಾಗೆ ಆಗುತ್ತದಲ್ಲ, ಹಾಗೆ ಇತ್ತು.

ಸೋಮವಾರ ಕಚೇರಿಯಲ್ಲಿ ತಂದೆ, ಮಗ, ಗೇಬ್ರಿಯಲ್, ಹಮೀದ್ ನಾಲ್ವರೂ ಕೂತರು. ಅಧಿಕಾರಿ ಚಿಕ್ಕ ವಯಸ್ಸಿನವನು, ಎಲ್ಲರಿಗೂ ಚಹಾ ತರಿಸಿದ. ಹಮೀದ್ ಕನ್ನಡದಲ್ಲಿ ಹೇಳಿದ, ಗೇಬ್ರಿಯಲ್ ಅರಬಿಗೆ ತಿರುಗಿಸಿದ. ಜಾಸಿಮ್ ಕಿಟಕಿಯ ಕಡೆ ನೋಡುತ್ತಾ ಜಪಮಣಿ ಎಣಿಸುತ್ತಿದ್ದ.

"ಗೇಣಿನಲ್ಲಿ ಅಳೆದೆಯಾ?" ಅಧಿಕಾರಿ ಎರಡು ಸಲ ಕೇಳಿದ.

"ಹೌದು. ಬಾಬಾರ ಗೇಣು. ಅದು ನಮ್ಮ ಕಡೆಯ ಪದ್ಧತಿ."

ಆಗ ಬು ಜಾಸಿಮ್ ಮಗನ ಕಡೆ ನೋಡದೆ ಮೇಜಿನ ಮೇಲೆ ಕೈ ಹರಡಿಟ್ಟರು. "ಇದೇ ಕೈ," ಎಂದರು. "ಕತ್ತರಿಸು ಅಂದವನು ನಾನು."

ಅಧಿಕಾರಿ ಆ ಬಾಗಿದ ಬೆರಳುಗಳನ್ನು ನೋಡಿದ. ಟೇಪು ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. "ಹಿರಿಯರೇ, ಉದ್ದ ಕೋವಿ ಹಿಡಿದವನು ಬೇಟೆಗೆ ಹೋಗುತ್ತಾನೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಗಿಡ್ಡ ಕೋವಿ ಬಟ್ಟೆಯೊಳಗೆ ಅಡಗುತ್ತದೆ. ಕಾನೂನು ನೋಡುವುದು ಅಷ್ಟನ್ನೇ, ಕೈಯನ್ನಲ್ಲ." ಆಮೇಲೆ ಹಮೀದನಿಗೆ ಹೇಳಿದ, "ನೀನು ನಿಜ ಹೇಳಿದ್ದನ್ನು ಬರೆಯುತ್ತೇನೆ. ಜೈಲು ಆಗಲಿಕ್ಕಿಲ್ಲ. ಮೂರು ವಾರ, ಹೆಚ್ಚೆಂದರೆ ನಾಲ್ಕು."

"ಬುಧವಾರಕ್ಕೆ?" ಗೇಬ್ರಿಯಲ್ ತಾನಾಗಿಯೇ ಕೇಳಿದ, ಮಗಳ ಮದುವೆಯ ವಿಷಯವನ್ನೂ ಹೇಳಿದ.

"ಮಾಫಿ," ಎಂದ ಅಧಿಕಾರಿ, ಇಲ್ಲ ಎಂಬ ಅರ್ಥದಲ್ಲಿ. ಪಾಸ್‌ಪೋರ್ಟನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಬೀಗದ ಸದ್ದು ಚಿಕ್ಕದಾಗಿತ್ತು.

ಹೊರಗೆ ಜಾಸಿಮ್ ಕಾರಿನ ಬಾಗಿಲು ತೆರೆದು, "ಯಲ್ಲಾ, ಕೂತುಕೋ," ಎಂದ. ಬೈಯಲಿಲ್ಲ. ಸನಾಯಾದಲ್ಲಿ ಇಳಿಯುವಾಗ ಬು ಜಾಸಿಮ್ ಹಮೀದನ ತಲೆಯ ಮೇಲೆ ಕೈಯಿಟ್ಟು ಏನೋ ದುಆ ಹೇಳಿದರು.

ಸಂಜೆಯ ಅಸರ್ ನಮಾಜು ಮುಗಿಸಿ ಹಮೀದ್ ಬಿನ್ ಒಮ್ರಾನಿನ ಟೆಲಿಫೋನ್ ಬೂತಿಗೆ ಹೋದ. ಊರಿನಲ್ಲಿ ಫೋನು ಇದ್ದದ್ದು ಪಕ್ಕದ ಮನೆಯಲ್ಲಿ. ಅಣ್ಣ ಯೂಸುಫ್ ಓಡಿ ಬಂದು ರಿಸೀವರ್ ಹಿಡಿದ.

"ಬಜ್ಪೆ ಏರ್‌ಪೋರ್ಟಿಗೆ ಜೀಪು ಹೇಳಿದ್ದೇನೆ. ಎಷ್ಟು ಗಂಟೆಗೆ ಇಳಿಯುವುದು ನೀನು?"

"ನಾನು ಬರುವುದಿಲ್ಲ ಅಣ್ಣ. ಪಾಸ್‌ಪೋರ್ಟ್ ಪೊಲೀಸರ ಹತ್ತಿರ ಇದೆ. ಒಂದು ಕೋವಿ ಗಿಡ್ಡ ಮಾಡಿದ್ದಕ್ಕೆ."

"ಕೋವಿಯಾ? ನೀನು ಅಲ್ಲಿ ಹಂದಿ ಕಾಯುತ್ತೀಯಾ?"

"ಆಮೇಲೆ ಹೇಳ್ತೇನೆ. ಈಗ ಕೇಳು, ಸಾಕ್ಷಿಗೆ ಇಬ್ಬರು ಹತ್ತಿರ ಇರಲಿ." ಹಮೀದ್ ನೆಟ್ಟಗೆ ನಿಂತ. "ನನ್ನ ಮಗಳು ಝುಲೈಖಾಳ ನಿಕಾಹ್ ಮಾಡಿಕೊಡಲು ನಿನ್ನನ್ನು ವಕೀಲನಾಗಿ ಮಾಡಿದ್ದೇನೆ. ನನ್ನ ಜಾಗದಲ್ಲಿ ನೀನು ಕೈ ಹಿಡಿ." ಮೂರು ಸಲ ಹೇಳಿದ. ಮೂರನೆಯ ಸಲಕ್ಕೆ ಅಣ್ಣನ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು.

ಆಮೇಲೆ ಝುಲೈಖಾ ಬಂದಳು. ದೊಡ್ಡಪ್ಪನ ಪಕ್ಕದಲ್ಲೇ ರಿಸೀವರಿಗೆ ಕಿವಿಯಿಟ್ಟು ಎಲ್ಲ ಕೇಳಿಸಿಕೊಂಡಿದ್ದಳು.

"ಉಪ್ಪಾ, ನೀವೇ ಕತ್ತರಿಸಿದ್ದಾ?"

"ಹೌದು ಮೋಳೆ."

"ಕತ್ತರಿಸಿಲ್ಲ ಅನ್ನಬಹುದಿತ್ತಲ್ಲ?"

"ಅನ್ನಬಹುದಿತ್ತು."

ತಂತಿಯಲ್ಲಿ ಸಮುದ್ರದ ಹಾಗೆ ಒಂದು ಸದ್ದು. ಫೋನ್ ಕಾರ್ಡಿನ ಅಂಕೆ ಇಳಿಯುತ್ತಿತ್ತು.

"ಊಟ ಆಯಿತಾ ನಿಮ್ಮದು?" ಎಂದಳು ಕೊನೆಗೆ.

"ಆಯಿತು," ಎಂದ. ಲೈನು ಕಡಿಯಿತು. ಹಿಂದೆ ನಿಂತಿದ್ದ ಸುಡಾನಿ ಭುಜ ತಟ್ಟಿ, "ಖಲಾಸ್?" ಎಂದು ಕೇಳುವವರೆಗೆ ಹಮೀದ್ ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ.