ಕ್ಲಿಪ್ಪು ಕಚ್ಚಿದ ಎಲೆಗಳು

ಗಾಜಿನ ಮನೆಯ ಬಾಗಿಲ ಮೇಲೆ ದೊಡ್ಡಪ್ಪನ ಮೂಗಿನ ಗುರುತು ದಿನಾ ಮೂಡುತ್ತಿತ್ತು. ಬೆಳಗ್ಗೆ ಅವಳು ಒರೆಸಿ ಹೋದರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಾಜರು. ಒಳಗಿದ್ದ ಇನ್ನೂರ ಹನ್ನೆರಡು ಟೊಮೆಟೊ ಗಿಡಗಳು ಅವರವೇ. ಹದಿನಾಲ್ಕು ವರ್ಷ ಆ ಹೂವಿನ ಪುಡಿ ಈ ಹೂವಿಗೆ, ಈ ಹೂವಿನದು ಆ ಹೂವಿಗೆ ಹಚ್ಚಿ ಹಚ್ಚಿ, ಬೆನ್ನು ಬಾಗಿಸಿಕೊಂಡು ಮಾಡಿದ ತಳಿ. ಉಪ್ಪುನೀರು ಕುಡಿದೂ ಸಿಹಿಯಾದ ಹಣ್ಣು ಬಿಡುತ್ತಿತ್ತು. ಅಂಥ ಮನುಷ್ಯನಿಗೇ ನಲವತ್ತು ದಿನದಿಂದ ಒಳಗೆ ಪ್ರವೇಶವಿರಲಿಲ್ಲ. ಹಾಗೆಂದು ಕಟ್ಟಪ್ಪಣೆ ಮಾಡಿದವಳೂ ಅವಳೇ, ಅವರ ತಮ್ಮನ ಮಗಳು.

ಅವಳು ಆ ತಳಿ ಕೇಂದ್ರದಲ್ಲಿ ಗಿಡಗಳ ರೋಗವನ್ನು ಬೆಳಕಿನಿಂದ ಪತ್ತೆಹಚ್ಚುವ ಕೆಲಸದವಳು. ಕೂಲಿಯವರು ಅವಳಿಗೆ ಮೀಟರಮ್ಮ ಎಂದು ಹೆಸರಿಟ್ಟಿದ್ದರು. ಅವಳ ಕೈಯ ಮೀಟರಿನ ತುದಿಗೆ, ಬಟ್ಟೆ ಒಣಹಾಕುವ ಕ್ಲಿಪ್ಪಿನ ದೊಡ್ಡಣ್ಣನಂಥ ಒಂದು ಕ್ಲಿಪ್ಪು. ಅದು ಎಲೆಯನ್ನು ಕಚ್ಚಿಕೊಂಡು, ಬೆಳಕು ಬಿಟ್ಟು, ವಾಪಸು ಬಂದ ಬೆಳಕನ್ನು ಅಳೆಯುತ್ತದೆ. ಸೋಂಕು ತಗುಲಿದ ಎಲೆ ನಮ್ಮ ಕಣ್ಣಿಗೆ ಹಚ್ಚಹಸಿರಾಗಿ ಕಂಡರೂ ಬೆಳಕನ್ನು ಬೇರೆ ಥರ ವಾಪಸು ಕೊಡುತ್ತದೆ. ಚುಕ್ಕೆ ಕಾಣುವುದಕ್ಕೆ ಹತ್ತು ಹನ್ನೊಂದು ದಿನ ಮೊದಲೇ ಮೀಟರಿನ ಪರದೆಯ ಮೇಲೆ ಕೆಂಪು ಬೀಳುತ್ತದೆ.

ಕೆಂಪು ಬಿದ್ದರೆ ಏನು ಔಷಧಿ ಹೊಡೆಯುವುದು ಎಂದು ಮಾತ್ರ ಕೇಳಬೇಡಿ. ಆ ವರ್ಷ ಸುತ್ತಮುತ್ತ ಹಬ್ಬಿದ್ದ ನಂಜುರೋಗಕ್ಕೆ ಔಷಧಿಯೇ ಇರಲಿಲ್ಲ. ಮುಟ್ಟಿದರೆ ಹರಡುತ್ತಿತ್ತು, ಕೈಯಿಂದ, ಕತ್ತರಿಯಿಂದ, ಅಂಗಿಯ ತೋಳಿನಿಂದ. ಬೇಗ ಗೊತ್ತಾದರೆ ಒಂದು ಗಿಡ ಕಿತ್ತು ಉಳಿದವನ್ನು ಕಾಪಾಡಿಕೊಳ್ಳಬಹುದು, ಅಷ್ಟೇ. ಕಾಪಾಡಿಕೊಳ್ಳಲೇಬೇಕಿತ್ತು. ಬೀಜ ಇಟ್ಟಿದ್ದ ಫ್ರಿಜ್ಜು ಹಿಂದಿನ ಬೇಸಿಗೆಯಲ್ಲಿ ಕೈಕೊಟ್ಟು, ಇದ್ದಬದ್ದ ಬೀಜದಲ್ಲಿ ಮೊಳೆತದ್ದು ಇವಿಷ್ಟೇ. ಇವು ಹಣ್ಣಾಗಿ ಹೊಸ ಬೀಜ ಸಿಗಲು ಇನ್ನು ಮೂರು ವಾರ ಬೇಕಿತ್ತು. ಸಿಗದಿದ್ದರೆ ಆ ತಳಿ ಲೋಕದಲ್ಲಿ ಇನ್ನೆಲ್ಲೂ ಇಲ್ಲ.

"ದೊಡ್ಡಪ್ಪ, ನಿಮ್ಮ ಕೈ ಸುಮ್ನಿರಲ್ಲ. ಊರೋರ ತೋಟಕ್ಕೆಲ್ಲಾ ಹೋಗ್ತೀರಿ, ಕಂಡ ಗಿಡಾನೆಲ್ಲಾ ಸವರ್ತೀರಿ. ನೀವು ಮಾತ್ರ ಒಳಗೆ ಬರ್ಬೇಡಿ," ಎಂದಿದ್ದಳು ಮೊದಲ ದಿನವೇ.

"ಆಯ್ತಮ್ಮ. ಹೆರಿಗೆ ವಾರ್ಡಿನ ಹೊರಗೆ ನಿಂತ ಗಂಡಸಿನ ಹಾಗೆ ನಿಂತಿರ್ತೀನಿ," ಎಂದು ಅವರು ನಕ್ಕಿದ್ದರು.

ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿದವರೇ ಅವರು. ಮೀಟರಿನ ಮೇಲೆ ಅವಳಿಗಿಂತ ಅವರಿಗೇ ನಂಬಿಕೆ ಹೆಚ್ಚು. "ನಮ್ಮ ಹುಡುಗಿ, ಗಿಡಕ್ಕೆ ಮುಂದಿನ ವಾರ ಬರೋ ಜ್ವರಾನ ಇವತ್ತೇ ಹೇಳ್ತಾಳೆ," ಎಂದು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳುತ್ತಿದ್ದರು.

ಅವಳೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮೈಗೆ ಬಿಳಿ ಕೋಟು, ಪಾದಕ್ಕೆ ಪ್ಲಾಸ್ಟಿಕ್ ಚೀಲ, ಗಿಡಕ್ಕೊಂದು ಹೊಸ ಗ್ಲೌಸು. ಮೊದಲ ಸಾಲಿನಲ್ಲಿ ಹೋಗಿ ಎರಡನೆಯ ಸಾಲಿನಲ್ಲಿ ವಾಪಸು ಬಂದು, ಹೀಗೆ ಹನ್ನೆರಡು ಸಾಲು. ಹಿಂದಿನ ಮೂಲೆಯ ನೀರಿನ ಟ್ಯಾಂಕಿನ ಮಗ್ಗುಲಿಗೆ ನಾಲ್ಕು ಗಿಡಗಳಿದ್ದವು. ಅಲ್ಲಿ ಅಡ್ಡ ಹಾಯ್ದಿದ್ದ ಪೈಪುಗಳ ನಡುವೆ ಮೀಟರು ನುಗ್ಗುತ್ತಿರಲಿಲ್ಲ. ಅವನ್ನು ದೂರದಿಂದಲೇ ಕಣ್ಣಲ್ಲಿ ನೋಡಿ ಬರುತ್ತಿದ್ದಳು.

ನಲವತ್ತೊಂದನೆಯ ದಿನ ಏಳನೆಯ ಗಿಡ ಕೆಂಪು ತೋರಿಸಿತು. ಅದನ್ನು ಬುಡಸಮೇತ ಕಿತ್ತು ಚೀಲದಲ್ಲಿ ಕಟ್ಟಿ, ಸಾಗಿಸಿ, ಸದ್ಯ ಬೇಗ ಸಿಕ್ಕಿತಲ್ಲ ಎಂದು ಉಸಿರು ಬಿಟ್ಟಳು. ಮರುದಿನ ಒಂಬತ್ತು ಗಿಡ ಕೆಂಪು. ಅದರ ಮರುದಿನ ನಲವತ್ತು. ನಾಲ್ಕನೆಯ ದಿನಕ್ಕೆ ಎಣಿಸುವುದನ್ನೇ ಬಿಟ್ಟಳು. ಬರಿಗಣ್ಣಿಗೆ ಒಂದೇ ಒಂದು ಚುಕ್ಕೆ ಇಲ್ಲ; ಕಾಯಿಗಳು ಮಿರಮಿರ ಮಿಂಚುತ್ತಿದ್ದವು.

ಆಫೀಸಿನ ಮೇಜಿನ ಮೇಲೆ ಗಾಜಿನ ಮನೆಯ ನಕ್ಷೆ ಹರವಿಕೊಂಡು, ಯಾವ ಗಿಡ ಯಾವ ದಿನ ಕೆಂಪಾಯಿತೆಂದು ಗೆರೆ ಎಳೆಯುತ್ತ ಹೋದಳು. ಏಳಾದ ಮೇಲೆ ಎಂಟು, ಒಂಬತ್ತು, ಹತ್ತು. ಗೆರೆ ಸಾಲಿನ ಕೊನೆ ಮುಟ್ಟಿ, ಪಕ್ಕದ ಸಾಲಿಗೆ ತಿರುಗಿ, ವಾಪಸು ಬಂತು. ಅವಳ ಪೆನ್ಸಿಲು ನಿಂತುಬಿಟ್ಟಿತು. ರೋಗ ಅವಳ ಹೆಜ್ಜೆಯ ಹಿಂದೆಯೇ ನಡೆದು ಬಂದಿತ್ತು.

ಕ್ಲಿಪ್ಪಿನ ಬಾಯೊಳಗೆ ಬೆಳಕು ಬಿಡುವ ಚಿಕ್ಕ ಗಾಜಿತ್ತು. ಅದಕ್ಕೆ ಯಾವ ದ್ರವವನ್ನೂ ಸೋಕಿಸಬಾರದು, ಗಾಜು ಮಬ್ಬಾಗಿ ಅಳತೆ ತಪ್ಪುತ್ತದೆ ಎಂದು ಮೀಟರಿನ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಅವಳು ಅಳತೆಯ ವಿಷಯದಲ್ಲಿ ಬಲು ಶಿಸ್ತಿನವಳು. ಎಲೆಯಿಂದ ಎಲೆಗೆ ಹೋಗುವಾಗ ಮೆತ್ತನೆಯ ಒಣ ಬಟ್ಟೆಯಿಂದ ಗಾಜನ್ನು ಒರೆಸುತ್ತಿದ್ದಳು. ದಿನವಿಡೀ ಒಂದೇ ಬಟ್ಟೆ. ಗ್ಲೌಸನ್ನು ಇನ್ನೂರು ಸಲ ಬದಲಿಸಿದವಳಿಗೆ ಆ ಅಂಗೈಯಗಲದ ಬಟ್ಟೆ ಹೊಳೆದಿರಲಿಲ್ಲ. ಏಳನೆಯ ಗಿಡಕ್ಕೆ ರೋಗ ಎಲ್ಲಿಂದ ಬಂದಿತ್ತೋ, ಉಳಿದವಕ್ಕೆ ಹೊತ್ತು ತಿರುಗಿದ್ದು ಆ ಬಟ್ಟೆ, ಆ ಕ್ಲಿಪ್ಪು.

ಡಬ್ಬಿಯಲ್ಲಿದ್ದ ಹೊಸ ಕ್ಲಿಪ್ಪನ್ನು ಸಿಕ್ಕಿಸಿ, ಪೈಪು ಬಿಚ್ಚಿಸಿ, ಟ್ಯಾಂಕಿನ ಮಗ್ಗುಲಿನ ನಾಲ್ಕು ಗಿಡ ಪರೀಕ್ಷಿಸಿದಳು. ನಾಲ್ಕೂ ಹಸಿರು. ಅವಳು ಮುಟ್ಟದ ನಾಲ್ಕೇ ನಾಲ್ಕು. ಅಲ್ಲೇ ಒದ್ದೆ ನೆಲದ ಮೇಲೆ ಕುಕ್ಕರಿಸಿ ಕೂತು ಅತ್ತಳು.

ಗಿಡಗಳು ಕೆಂಪಾದ ಸುದ್ದಿ ದೊಡ್ಡಪ್ಪನಿಗೆ ಆಗಲೇ ಮುಟ್ಟಿತ್ತು; ಆದದ್ದು ತನ್ನಿಂದ ಎಂದು ಹೇಳದೆ ಇರುವ ಹಾಗಿರಲಿಲ್ಲ. ಹೊರಗೆ ಬಂದಾಗ ದೊಡ್ಡಪ್ಪ ಗೋಡೆಗೆ ಒರಗಿ ನಿಂತಿದ್ದರು. ಅವಳು ಬಾಯಿ ತೆರೆಯುವ ಮೊದಲೇ, "ಮಗಳೇ, ಒಂದು ವಿಷಯ ಮುಚ್ಚಿಟ್ಟಿದ್ದೆ," ಎಂದರು. "ಹದಿನೈದು ದಿನದ ಹಿಂದೆ ನೀನು ಊಟಕ್ಕೆ ಹೋದಾಗ ಹಿಂದಿನ ಬಾಗ್ಲಿಂದ ಒಳಗೆ ಹೋದೆ. ತಡ್ಕೊಳ್ಳಕ್ಕಾಗ್ಲಿಲ್ಲ. ಟ್ಯಾಂಕ್ ಹತ್ರ ಒಂದು ಗಿಡ ಮುಟ್ದೆ, ಒಂದೇ ಒಂದು. ಬೆಳಗ್ಗೆ ಬೇರೆಯವ್ರ ತೋಟಕ್ಕೆ ಹೋಗ್ಬಂದಿದ್ದೆ. ಎಲ್ಲಾ ನನ್ನಿಂದಾನೇ."

"ಅಲ್ಲ ದೊಡ್ಡಪ್ಪ! ನನ್ನಿಂದ. ನನ್ನ ಕ್ಲಿಪ್ಪಿಂದ. ನೀವು ಮುಟ್ಟಿದ ಗಿಡ ಚೆನ್ನಾಗೇ ಇದೆ, ಈಗ ತಾನೇ ನೋಡ್ದೆ." ಅವಳು ನಕ್ಷೆ ಬಿಡಿಸಿ ಗೆರೆ ತೋರಿಸಿದಳು, ಬಟ್ಟೆ ತೋರಿಸಿದಳು, ಹಸಿರು ಬಿದ್ದ ಪರದೆ ತೋರಿಸಿದಳು.

ಅವರು ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. ಆಮೇಲೆ ಅವಳ ತಲೆ ಸವರಿ, "ನನ್ನ ಸಮಾಧಾನಕ್ಕೆ ಅಂತ ಇಷ್ಟೊಂದು ಸುಳ್ಳು ಬರ್ಕೊಂಡ್ ಬಂದ್ಯಾ?" ಎಂದರು. "ಅದೂ ಯಂತ್ರ ತಾನೇ, ಒಂದೊಂದ್ಸಲ ತಪ್ಪುತ್ತೆ ಬಿಡು."

ಇಷ್ಟು ದಿನ ಮೀಟರನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಮನುಷ್ಯ, ಅದು ಅವರನ್ನೇ ಉಳಿಸಲು ಬಂದಾಗ ನಂಬಲೊಲ್ಲರು. ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಮಧ್ಯಾಹ್ನ, ರೋಗದ ಗಿಡಗಳನ್ನು ಸುಡಿಸಲು ತಪಾಸಣೆ ಅಧಿಕಾರಿ ಬಂದ. ಅವಳು ಕೈಮುಗಿದು ಬೇಡಿಕೊಂಡಳು. "ಸರ್, ಆ ನಾಲ್ಕು ಗಿಡಕ್ಕೆ ಏನೂ ಆಗಿಲ್ಲ. ಅದನ್ನಾದ್ರೂ ಬಿಡಿ. ಬೇರೆ ಕಡೆ ಇಟ್ಟು ನೋಡ್ಕೋತೀವಿ."

ಆತ ಕೆಟ್ಟವನೇನಲ್ಲ. ನಾಲ್ಕು ಗಿಡಗಳ ಮುಂದೆ ಬಹಳ ಹೊತ್ತು ನಿಂತು ತಲೆ ಕೆರೆದುಕೊಂಡ. "ಒಂದೇ ಸೂರಿನ ಕೆಳಗಿದ್ದಿದ್ದೆಲ್ಲಾ ಸುಡ್ಬೇಕಮ್ಮ. ಇವತ್ತು ಹಸಿರು, ನಾಳೆ? ಇಲ್ಲಿಂದ ಒಂದು ಎಲೆ ಹೊರಗೆ ಹೋದ್ರೂ ನಾಳೆ ಹತ್ತು ತೋಟದೋರು ನನ್ನ ಕೊರಳಪಟ್ಟಿ ಹಿಡೀತಾರೆ," ಎಂದ. ಅವನ ಜಾಗದಲ್ಲಿ ಅವಳಿದ್ದರೂ ಅದನ್ನೇ ಹೇಳುತ್ತಿದ್ದಳು.

ಅಧಿಕಾರಿ ವರದಿ ತುಂಬುತ್ತ, ರೋಗ ಹರಡಿದ್ದು ಹೇಗೆ ಎಂಬ ಕಾಲಮ್ಮಿಗೆ ಬಂದಾಗ ದೊಡ್ಡಪ್ಪ ಮುಂದೆ ಬಂದು, "ನಾನು ಅಪ್ಪಣೆ ಮೀರಿ ಒಳಗೆ ಹೋಗಿದ್ದೆ, ಬರ್ಕೊಳ್ಳಿ," ಎಂದರು. ಅವಳು ಅಡ್ಡ ಬಾಯಿ ಹಾಕಿದಳು. ಕ್ಲಿಪ್ಪು, ಬಟ್ಟೆ, ನಕ್ಷೆ ಎಂದು ಗಂಟಲು ಕಟ್ಟುವವರೆಗೂ ಹೇಳಿದಳು. ಅಧಿಕಾರಿ ಇಬ್ಬರ ಮುಖವನ್ನೂ ನೋಡಿ, "ಹೇಗಿದ್ರೂ ಸುಡೋದೇ. ಹಿರಿಯರು ತಾವಾಗೇ ಒಪ್ಕೊಂಡಿದಾರಲ್ಲಮ್ಮ," ಎಂದು ಬರೆದುಕೊಂಡ. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು, ದುಂಡಗೆ ಸಹಿ ಮಾಡಿದರು.

ಗಿಡ ಕೀಳುವಾಗ ಕೂಲಿಯವರೆಲ್ಲ ಅಂಗಳದಲ್ಲಿ ಸೇರಿದ್ದರು. ದೊಡ್ಡಪ್ಪ ಒಬ್ಬೊಬ್ಬರ ಹತ್ತಿರವೂ ಹೋಗಿ, "ನಮ್ಮ ಹುಡುಗೀನ ಏನೂ ಅನ್ಬೇಡಿ. ಅವಳು ಕಾದ್ಲು, ಕೆಡಿಸಿದ್ದು ನಾನು," ಎನ್ನುತ್ತಿದ್ದರು. ಅವರ ಬೆನ್ನಿಗೇ ಅವಳೂ ಹೋಗಿ, ಇಲ್ಲ, ನನ್ನದೇ ತಪ್ಪು, ನನ್ನ ಮೀಟರಿಂದಲೇ ಆಗಿದ್ದು ಎಂದು ಅಳುತ್ತ ಹೇಳಿದಳು. ಯಾರೂ ಅವಳ ಮಾತಿಗೆ ಎದುರಾಡಲಿಲ್ಲ. ನೀರಿನ ಪೈಪು ಸುತ್ತುತ್ತಿದ್ದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದವಳಿಗೆ ಹೇಳಿದ್ದು ಅವಳ ಕಿವಿಗೂ ಬಿತ್ತು.

"ನೋಡು, ಹೆತ್ತ ಮಗಳೂ ಹೀಗ್ ಮಾಡಲ್ಲ. ದೊಡ್ಡಪ್ಪನ ತಪ್ಪನ್ನ ಹೇಗ್ ತನ್ನ ಮೇಲೆ ಹಾಕ್ಕೋತಿದಾಳೆ."